ಎಂದೂ ಉಳದ ಹೊಲ

ಹುಣಸೂರಿನ ನಿವೃತ್ತ ಮೇಷ್ಟ್ರೊಬ್ಬರು ತಿಂಗಳಿಗೆ ಎರಡು ಸಲವಾದರೂ ನನಗೆ ಫೋನ್ ಮಾಡುತ್ತಾರೆ. ಕುಶಲ ವಿಚಾರಿಸುವುದು ನೆಪ, ವಿಷಯ ಮನೆ ಮುಂದಿನ ಲಾನು. "ಹಳದಿ ತಿರುಗ್ತಾ ಇದೆ ಕಣ್ರೀ, ಏನು ಹಾಕ್ಲಿ?" ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ನನಗೆ ಬರುವ ಪತ್ರಗಳಲ್ಲೂ ಪ್ರಶ್ನೆ ಇದೇ: ಏನು ಹಾಕಲಿ? ಜೊತೆಗೊಂದು ಫೋಟೊ ಇರುತ್ತದೆ. ಫೋಟೊದಲ್ಲಿ ಹುಲ್ಲು ಕಾಣಿಸುತ್ತದೆ. ಕಾಯಿಲೆ ಇರುವುದು ಅದರ ಕೆಳಗೆ.

ಕೊನೆಗೊಂದು ದಿನ ಮೇಷ್ಟ್ರ ಮನೆಗೇ ಹೋದೆ. ಹೋದವನೇ ಸ್ಕ್ರೂಡ್ರೈವರ್ ಕೇಳಿದೆ. ಸ್ವಿಚ್ ಏನೋ ಕೆಟ್ಟಿದೆ ಅಂದುಕೊಂಡರೇನೋ, ಟೆಸ್ಟರ್ ತಂದುಕೊಟ್ಟರು. ಅದು ಬೇಡ, ಉದ್ದದ್ದು ಕೊಡಿ ಎಂದು ಆರಿಂಚಿನದೊಂದನ್ನು ತರಿಸಿಕೊಂಡು, ಲಾನಿನ ನಡುವೆ ಕುಕ್ಕರುಗಾಲಲ್ಲಿ ಕೂತು ನೆಲಕ್ಕೆ ಚುಚ್ಚಿದೆ. ಹಿಂದಿನ ಸಂಜೆ ತಾನೇ ಅವರು ಪೈಪು ಹಿಡಿದು ಮುಕ್ಕಾಲು ಗಂಟೆ ನೀರು ಬಿಟ್ಟಿದ್ದರು. ಆದರೂ ಒಂದು ಇಂಚು ಇಳಿದು ನಿಂತುಬಿಟ್ಟಿತು. ಅಂಗೈಯಲ್ಲಿ ಗುದ್ದಿದೆ, ಇನ್ನೊಂದು ಕಾಲಿಂಚು. ಅದೇ ಸ್ಕ್ರೂಡ್ರೈವರನ್ನು ಹಿತ್ತಲಿನ ಕರಿಬೇವಿನ ಬುಡಕ್ಕೆ ಚುಚ್ಚಿದರೆ ಹಿಡಿಯವರೆಗೂ ಮೆತ್ತಗೆ ಇಳಿಯಿತು. "ಕಬ್ಬಿಣವೇ ಹೋಗದ ಕಡೆ ಬೇರು ಹೇಗೆ ಹೋಗಬೇಕು ಮೇಷ್ಟ್ರೇ?" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಆ ಹೊತ್ತಿಗಾಗಲೇ ಅವರು ಹಾಕಬೇಕಾದ್ದು, ಹಾಕಬಾರದ್ದು ಎಲ್ಲವನ್ನೂ ಹಾಕಿ ಮುಗಿಸಿದ್ದರು. "ಯಾರೋ ಟಾಪ್ ಡ್ರೆಸಿಂಗ್ ಮಾಡಿ ಅಂದ್ರು. ಎರಡು ಕೆ.ಜಿ. ಯೂರಿಯಾ ಎರಚಿದೆ" ಎಂದರು. ಇದು ಮೇಷ್ಟ್ರ ತಪ್ಪಲ್ಲ, ಪದದ ತಪ್ಪು. ನಮ್ಮ ಕಡೆ ರೈತರಿಗೆ ಟಾಪ್ ಡ್ರೆಸಿಂಗ್ ಎಂದರೆ ಮೇಲುಗೊಬ್ಬರ. ಭತ್ತಕ್ಕೋ ಮುಸುಕಿನ ಜೋಳಕ್ಕೋ ಬಿತ್ತನೆಯಲ್ಲಿ ಒಂದಿಷ್ಟು ಕೊಟ್ಟು, ಪೈರು ಮೇಲೆದ್ದ ಮೇಲೆ ಇನ್ನೊಂದು ಕಂತು ಯೂರಿಯಾ ಕೊಡುವುದು. ಕೃಷಿ ಇಲಾಖೆಯವರೂ ಅದೇ ಅರ್ಥದಲ್ಲಿ ಆಡುತ್ತಾರೆ. ಲಾನಿನವರ ಬಾಯಲ್ಲಿ ಅದೇ ಮಾತಿಗೆ ಅರ್ಥ ಬೇರೆ. ಜರಡಿ ಹಿಡಿದ ಮಣ್ಣು, ಗೊಬ್ಬರ, ಮರಳು ಬೆರೆಸಿ ಹುಲ್ಲಿನ ಮೇಲೆ ತೆಳ್ಳಗೆ ಉದುರಿಸಿ, ಬುಡಕ್ಕೆ ಇಳಿಯುವಂತೆ ಗುಡಿಸುವುದಕ್ಕೆ ಅವರು ಟಾಪ್ ಡ್ರೆಸಿಂಗ್ ಎನ್ನುತ್ತಾರೆ. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕ. ಅದನ್ನು ಎರಚಿದ ವಾರಕ್ಕೆ ಲಾನು ಕಡುಹಸಿರಾಗಿ ಉಕ್ಕುತ್ತದೆ, ಮನೆಯವರು ಹಿಗ್ಗುತ್ತಾರೆ. ಎಲೆ ಬೆಳೆದಷ್ಟು ಬೇರು ಬೆಳೆಯುವುದಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಹಳದಿ, ಮತ್ತೆ ಫೋನು.

ಅಸಲಿಗೆ ಆ ಹುಲ್ಲಿಗೆ ಆಗಿರುವುದು ಉಸಿರುಕಟ್ಟು. ಒಳ್ಳೆಯ ಮಣ್ಣನ್ನು ಒಂದು ಡಬ್ಬದಲ್ಲಿ ತುಂಬಿದರೆ ಅದರಲ್ಲಿ ಮಣ್ಣು ಅನ್ನುವುದು ಸುಮಾರು ಅರ್ಧ ಮಾತ್ರ, ಉಳಿದರ್ಧ ಬರೀ ಸಂದು. ಆ ಸಂದುಗಳಲ್ಲಿ ಅರ್ಧ ನೀರು, ಅರ್ಧ ಗಾಳಿ ಇದ್ದರೆ ಬೇರಿಗೆ ಸುಖ. ಬೇರೂ ನಮ್ಮಂತೆಯೇ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ; ಮಣ್ಣಿನೊಳಗಿನ ಹುಳು, ಸೂಕ್ಷ್ಮಜೀವಿಗಳದ್ದೂ ಅದೇ ಕಸುಬು. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗಿ ಹೊರಗಿನದು ಒಳಗೆ ಬರುತ್ತಿರಬೇಕು. ತುಳಿದು ತುಳಿದು ಸಂದುಗಳು ಮುಚ್ಚಿಹೋದರೆ ಈ ಓಡಾಟ ನಿಲ್ಲುತ್ತದೆ. ಉಳಿದ ಚೂರುಪಾರು ಸಂದಿನಲ್ಲಿ ನೀರು ತುಂಬಿಕೊಂಡರಂತೂ ಕತೆ ಮುಗಿಯಿತು, ಏಕೆಂದರೆ ಆಮ್ಲಜನಕ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಬಿಗಿದ ನೆಲಕ್ಕೆ ದಿನಾ ನೀರು ಬಿಡುವವರು ಹುಲ್ಲಿನ ಮೂಗು ಹಿಡಿದು ಬಾಯಿಗೆ ನೀರು ಹುಯ್ಯುತ್ತಿದ್ದಾರೆ ಅಂತಲೇ ಲೆಕ್ಕ.

ನೆಲ ಇಷ್ಟು ಬಿಗಿಯಾಗುವುದು ಯಾಕೆ? ಮೇಷ್ಟ್ರ ಮನೆ ಕಟ್ಟುವಾಗ ಈಗ ಲಾನಿರುವ ಜಾಗದಲ್ಲೇ ಜಲ್ಲಿ ಲಾರಿ ನಿಲ್ಲುತ್ತಿತ್ತು, ಅಲ್ಲೇ ಗಾರೆ ಕಲಸುತ್ತಿದ್ದರು, ಕಬ್ಬಿಣ ಬಗ್ಗಿಸುತ್ತಿದ್ದರು. ಗೃಹಪ್ರವೇಶಕ್ಕೆ ಹದಿನೈದು ದಿನ ಇರುವಾಗ ನರ್ಸರಿಯಿಂದ ಹುಡುಗರು ಬಂದು, ಆ ನೆಲದ ಮೇಲೆ ಎರಡಿಂಚು ಕೆಮ್ಮಣ್ಣು ಹರಡಿ, ಚಾಪೆಯಂತೆ ಸುತ್ತಿ ತಂದಿದ್ದ ಹುಲ್ಲನ್ನು ಬಿಚ್ಚಿ ಹಾಸಿ, ಹಲಗೆಯಲ್ಲಿ ಬಡಿದು ಹೋದರು. ಮೊದಲ ವರ್ಷ ಹಚ್ಚಗಿತ್ತು. ಎರಡಿಂಚು ಮಣ್ಣಿನ ಬಾಳು ಎಷ್ಟು ದಿನ?

ಹುಣಸೂರು, ಪಿರಿಯಾಪಟ್ಟಣದ ಕೆಂಪು ಮರಳುಗೋಡು ಮಣ್ಣು ಕೆಟ್ಟದ್ದೇನಲ್ಲ. ನೀರು ಬೇಗ ಬಸಿಯುತ್ತದೆ, ಹೊಗೆಸೊಪ್ಪು ಇಲ್ಲಿ ನೆಲೆ ಕಂಡುಕೊಂಡಿದ್ದೇ ಅದಕ್ಕೆ. ಒಂದು ದುರ್ಗುಣ ಮಾತ್ರ ಇದೆ. ಸಾವಯವ ಅಂಶ ಕಡಿಮೆಯಾದ್ದರಿಂದ, ದಪ್ಪ ಹನಿ ಬಿದ್ದು ಎರಡು ದಿನ ಬಿಸಿಲು ಹೊಡೆದರೆ ಮೇಲೊಂದು ಹಪ್ಪಳದಂಥ ಪದರ ಕಟ್ಟಿಕೊಳ್ಳುತ್ತದೆ. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ರಾಗಿ ಪೈರು ಗೇಣುದ್ದ ಆಗುವ ಮುಂಚೆಯೇ ಹಲುಬೆ ಹೊಡೆಯುತ್ತಿದ್ದರು, ಆಮೇಲೆ ಸಾಲಿನ ನಡುವೆ ಎಡೆಕುಂಟೆ. ಚಿಕ್ಕವನಿದ್ದಾಗ ಬೆಟ್ಟದಪುರದ ಕಡೆ ನಮ್ಮ ಹೊಲದಲ್ಲಿ ಎಳೆ ಪೈರಿನ ಮೇಲೆ ಹಲ್ಲಿನ ಹಲುಬೆ ಎಳೆಯುವುದನ್ನು ಕಂಡು ನನಗೆ ಅಳುವೇ ಬಂದಿತ್ತು. ಪೈರೆಲ್ಲ ಹಾಳಾಗುತ್ತೆ ಅಂದರೆ ಅಪ್ಪ ನಕ್ಕಿದ್ದರು. ವಾರ ಕಳೆದು ನೋಡಿದರೆ ಹೊಲ ದುಪ್ಪಟ್ಟು ತುಂಬಿಕೊಂಡಿತ್ತು. ಅದೇ ಅಪ್ಪ ಹೊಲದಲ್ಲಿ ಗರಿಕೆ ಕಂಡರೆ ಹಲ್ಲು ಕಡಿಯುತ್ತಿದ್ದರು, ಬೇರು ಸಮೇತ ಅಗೆದು ಬದುವಿಗೆ ಎಸೆಯುತ್ತಿದ್ದರು. ಮಗ ಅದೇ ಗರಿಕೆಯನ್ನು ಚದರ ಅಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಂಡು, ಅದು ಯಾಕೆ ಬರುತ್ತಿಲ್ಲ ಅಂತ ಅಂಕಣ ಬರೆಯುತ್ತಾನೆ ಎಂದು ಅವರಿಗೆ ತಿಳಿಯದಿದ್ದದ್ದೇ ಒಳ್ಳೆಯದಾಯಿತು.

ಹೊಲಕ್ಕೂ ಲಾನಿಗೂ ವ್ಯತ್ಯಾಸ ಇಷ್ಟೇ. ಹೊಲಕ್ಕೆ ವರ್ಷಕ್ಕೊಮ್ಮೆಯಾದರೂ ನೇಗಿಲು ಬೀಳುತ್ತದೆ. ಲಾನು ಎಂದೂ ಉಳದ ಹೊಲ. ಅದರ ಮೇಲೆ ಮಕ್ಕಳು ಕುಣಿಯುತ್ತಾರೆ, ಬೈಕು ನಿಲ್ಲುತ್ತದೆ, ನಾಮಕರಣಕ್ಕೆ ಶಾಮಿಯಾನ ಏಳುತ್ತದೆ, ಅಡುಗೆಯವರ ಒಲೆ ಉರಿಯುತ್ತದೆ. ಬಿಗಿಯುವುದಕ್ಕೆ ನೂರು ದಾರಿ, ಸಡಿಲವಾಗುವುದಕ್ಕೆ ಒಂದೂ ಇಲ್ಲ. ಶಾಲೆ ಮೈದಾನದಲ್ಲಿ ಮಕ್ಕಳು ಅಡ್ಡ ಹಾಯ್ದು ಮಾಡಿಕೊಂಡ ಕಾಲುದಾರಿ ನೋಡಿ, ಬೇಸಿಗೆ ರಜದಲ್ಲಿ ಎರಡು ತಿಂಗಳು ಯಾರೂ ನಡೆಯದಿದ್ದರೂ ಅಲ್ಲಿ ಹುಲ್ಲು ಬರುವುದಿಲ್ಲ. ತುಳಿದ ಕಾಲು ಹೋಗಿದೆ, ತುಳಿತ ಉಳಿದಿದೆ.

ಕೆ.ಆರ್. ನಗರದವರ ಕಷ್ಟ ಸ್ವಲ್ಪ ಬೇರೆ. ಚಾಮರಾಜ ನಾಲೆಯ ನೀರುಂಡ ಗದ್ದೆ ಬಯಲಿನ ಅಂಚಿನಲ್ಲಿ ಈಗ ಸೈಟುಗಳಾಗಿವೆ. ಭತ್ತದ ಗದ್ದೆ ಎಂದರೆ ಬೇಕೆಂದೇ ಉಸಿರುಕಟ್ಟಿಸಿದ ಭೂಮಿ. ನೀರು ಕಟ್ಟಿ, ಉತ್ತು, ತುಳಿದು, ಕೆಸರು ಮಾಡಿ, ಮಟ್ಟ ಹೊಡೆದು, ನೀರು ಕೆಳಗೆ ಇಂಗದಂತೆ ಅರ್ಧ ಮುಕ್ಕಾಲು ಅಡಿ ಆಳದಲ್ಲಿ ಗಟ್ಟಿ ತಳ ಕಟ್ಟುವುದೇ ಅಲ್ಲಿನ ಜಾಣತನ. ಭತ್ತದ ಗಿಡಕ್ಕೆ ಎಲೆಯಿಂದ ಬೇರಿಗೆ ಗಾಳಿ ಇಳಿಸಿಕೊಳ್ಳುವ ಕೊಳವೆಗಳು ಒಳಗೇ ಇವೆ, ಅದು ಕೆಸರಲ್ಲೂ ಬದುಕುತ್ತದೆ. ಲಾನಿನ ಹುಲ್ಲಿಗೆ ಆ ಸೌಕರ್ಯ ಇಲ್ಲ. ನೂರಾರು ವರ್ಷ ಕಟ್ಟಿದ ಆ ತಳದ ಮೇಲೆ ಲಾನು ಹಾಸಿದರೆ ಮಳೆಗಾಲದಲ್ಲಿ ಚಪ್ಪಲಿ ಹೂತುಹೋಗುತ್ತದೆ, ಬೇಸಿಗೆಯಲ್ಲಿ ಇಟ್ಟಿಗೆ. ಬೇರೆ ಕಡೆ ನೆಲ ಸಡಿಲಿಸಲು ಚುಚ್ಚುವ ಮೂರಿಂಚಿನ ತೂತು ಅಲ್ಲಿ ಸಾಲದು. ಒಂದು ಸಲ ಹಾರೆ ಹಾಕಿ ಆ ತಳವನ್ನೇ ಅಲ್ಲಲ್ಲಿ ಒಡೆಯಬೇಕು, ನೀರು ಹೋಗಲು ಅಂಚಿನಲ್ಲಿ ಕಾಲುವೆ ತೆಗೆಯಬೇಕು. ಕೋಟೆ, ಸರಗೂರು ಕಡೆ ಹತ್ತಿ ಬೆಳೆಯುವ ಕಪ್ಪು ಎರೆ ಇರುವ ಮನೆಯವರು ಒಂದು ವಿಷಯದಲ್ಲಿ ಪುಣ್ಯವಂತರು. ಎರೆ ಬೇಸಿಗೆಯಲ್ಲಿ ತಾನೇ ಬಿರುಕು ಬಿಟ್ಟು ಗಾಳಿ ತೆಗೆದುಕೊಳ್ಳುತ್ತದೆ. ಆ ಬಿರುಕಿಗೆ ಪುಡಿ ಗೊಬ್ಬರ ತುಂಬಿದರೆ ಅರ್ಧ ಕೆಲಸ ಆದಂತೆ. ಮಳೆಯಲ್ಲಿ ಮಾತ್ರ ಅದರ ಮೇಲೆ ಕಾಲಿಡಬೇಡಿ.

ಮದ್ದು ಎರಡು ಹೆಜ್ಜೆಯದು: ಚುಚ್ಚುವುದು, ಮಣ್ಣು ಉದುರಿಸುವುದು. ಕೇಳಲು ಸುಲಭ. ನಾನು ಮೊದಲ ಸಲ ಮಾಡಿದಾಗ ಎರಡರಲ್ಲೂ ಎಡವಿದೆ. ಆನ್‌ಲೈನಿನಲ್ಲಿ ಮುಳ್ಳಿನ ಚಪ್ಪಲಿ ಅಂತ ಮಾರುತ್ತಾರೆ, ಅಡಿಗೆ ಎರಡಿಂಚಿನ ಮೊಳೆಗಳು. ಶೂ ಮೇಲೆ ಕಟ್ಟಿಕೊಂಡು ಲಾನಿನಲ್ಲಿ ಓಡಾಡಿದರೆ ಸಾಕಂತೆ. ಕಟ್ಟಿಕೊಂಡೆ. ನಮ್ಮ ಕೆಂಪು ನೆಲದಲ್ಲಿ ಮೊಳೆ ಅರ್ಧ ಇಂಚು ಹೋಗಿ ಸಿಕ್ಕಿಕೊಂಡಿತು, ಚಪ್ಪಲಿ ಅಲ್ಲೇ ಉಳಿದು ನಾನು ಮುಂದೆ ಹೋದೆ. ಮೊಣಕಾಲಿಗೆ ಒಂದು ವಾರ ನೋವಿನೆಣ್ಣೆ. ಮೈಯ ಭಾರವನ್ನೆಲ್ಲ ಮೊಳೆಯ ಸುತ್ತಲಿನ ಮಣ್ಣಿಗೆ ಒತ್ತುವ ಆ ಸಾಧನ ನೆಲವನ್ನು ಸಡಿಲಿಸುವುದಕ್ಕಿಂತ ಬಿಗಿಯುವುದೇ ಹೆಚ್ಚು ಅಂತ ಆಮೇಲೆ ಅರ್ಥವಾಯಿತು.

ಎರಡನೆಯ ಎಡವಟ್ಟು ಲೆಕ್ಕದ್ದು. ನಮ್ಮ ಲಾನು 20 ಅಡಿಗೆ 30 ಅಡಿ. ಮಣ್ಣು ಬೇಕು ಅಂದೆ, ಟ್ರ್ಯಾಕ್ಟರಿನವನು ಒಂದು ಲೋಡ್ ತಂದು ಸುರಿದ. ತಂದ ಮೇಲೆ ಹಾಕದೆ ಇರಲಾದೀತೇ? ಪೂರ್ತಿ ಹರಡಿದೆ. ಒಂದು ಲೋಡ್ ಎಂದರೆ ಹೆಚ್ಚುಕಡಿಮೆ 100 ಘನ ಅಡಿ. 600 ಚದರ ಅಡಿಗೆ ಅದು ಎರಡಿಂಚು ದಪ್ಪ ಆಗುತ್ತದೆ. ಹುಲ್ಲು ಪೂರ್ತಿ ಸಮಾಧಿಯಾಗಿ, ಒಂದು ತಿಂಗಳಿಗೆ ಅದರ ಮೇಲೆ ಜೇಕು, ಪಾರ್ಥೇನಿಯಂ ಎದ್ದು ನಿಂತವು. ಬೇಕಿದ್ದುದು ಬರೀ ಕಾಲಿಂಚು. 100 ಚದರ ಅಡಿಗೆ ಎರಡು ಘನ ಅಡಿ, ಅಂದರೆ 15 ಲೀಟರಿನ ಬಕೆಟಿನಲ್ಲಿ ನಾಲ್ಕು. ನಮ್ಮ ಇಡೀ ಲಾನಿಗೆ 24 ಬಕೆಟ್ ಸಾಕಿತ್ತು. ನಾನು ಹಾಕಿದ್ದು ಎಂಟು ಪಟ್ಟು. ಈಗ ಕೇಳಿದವರಿಗೆಲ್ಲ ನಾನು ಬಕೆಟ್ ಲೆಕ್ಕವನ್ನೇ ಹೇಳುವುದು. ಉದುರಿಸಿ ಗುಡಿಸಿದ ಮೇಲೆ ಹುಲ್ಲಿನ ತುದಿಗಳು ಮೇಲೆ ಇಣುಕುತ್ತಿರಬೇಕು. ಕಾಣದಿದ್ದರೆ ಜಾಸ್ತಿಯಾಯಿತು ಅಂತಲೇ ಅರ್ಥ.

ಸರಿಯಾಗಿ ಚುಚ್ಚುವುದನ್ನು ನನಗೆ ಕಲಿಸಿದ್ದು ಹನಗೋಡು ಕಡೆಯಿಂದ ತೋಟದ ಕೆಲಸಕ್ಕೆ ಬರುತ್ತಿದ್ದ ಅಜ್ಜ. ನಾಲ್ಕು ಹಲ್ಲಿನ ಫೋರ್ಕು ಕೊಟ್ಟೆ. ಬೆಳಿಗ್ಗೆ ಬಂದವನು ಫೋರ್ಕು ಮುಟ್ಟದೆ ಒಂದು ಹಿಡಿ ಮಣ್ಣು ಕಿತ್ತು ಮುಷ್ಟಿಯಲ್ಲಿ ಹಿಂಡಿದ. ಬೆರಳಿಗೆ ಅಂಟಿತು. "ಇವತ್ತು ಬ್ಯಾಡಿ ಸಾ, ಹದ ಇಲ್ಲ" ಎಂದು ಕಾಫಿ ಕುಡಿದು ಹೋದ. ಎರಡು ದಿನ ಬಿಟ್ಟು ಬಂದು ಮತ್ತೆ ಹಿಂಡಿದ. ಈ ಸಲ ಉಂಡೆ ಕಟ್ಟಿತು, ಹೆಬ್ಬೆರಳಲ್ಲಿ ತಟ್ಟಿದರೆ ಪುಡಿಪುಡಿಯಾಗಿ ಬಿತ್ತು. ಬಿತ್ತನೆಯ ಬೆದೆ ನೋಡುವ ಕೈ ಅದು. ಹಸಿ ಜಾಸ್ತಿಯಿದ್ದಾಗ ಚುಚ್ಚಿದರೆ ತೂತಿನ ಗೋಡೆ ಮಡಕೆಯಂತೆ ನುಣ್ಣಗೆ ಸವರಿಹೋಗಿ ಇನ್ನಷ್ಟು ಗಟ್ಟಿಯಾಗುತ್ತದೆ, ಒಣಗಿದಾಗ ಚುಚ್ಚಿದರೆ ಫೋರ್ಕು ಬಗ್ಗುತ್ತದೆ. ಅಜ್ಜ ನೆಟ್ಟಗೆ ಚುಚ್ಚಿ, ಹಿಡಿಯನ್ನು ಒಂದು ಚೂರು ಹಿಂದಕ್ಕೆಳೆದು, ನೆಲ ಉಸ್ಸೆಂದು ಎದ್ದ ಮೇಲೆ ಹೊರಗೆ ತೆಗೆಯುತ್ತಿದ್ದ. ಮೂರು ನಾಲ್ಕು ಇಂಚು ಆಳ, ತೂತಿನಿಂದ ತೂತಿಗೆ ನಾಲ್ಕಿಂಚು. ತಾನು ಚುಚ್ಚಿದ ಕಡೆ ಮತ್ತೆ ತುಳಿಯದಂತೆ ಹಿಂದೆ ಹಿಂದೆ ಸರಿಯುತ್ತ ಬಂದ. ಯಾಕಜ್ಜ ಅಂದರೆ, "ಅದ್ಕೂ ಉಸ್ರು ಬ್ಯಾಡ್ವಾ? ವಸಿ ಆಡಕ್ ಬುಡಿ" ಎಂದ. ನಾನು ಪುಸ್ತಕದಲ್ಲಿ ಓದಿ ತಿಳಿದದ್ದನ್ನು ಆತ ಎರಡು ಮಾತಿನಲ್ಲಿ ಮುಗಿಸಿಬಿಟ್ಟ.

ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ. ನಾಲ್ಕಿಂಚಿಗೊಂದರಂತೆ ಚದರ ಅಡಿಗೆ ಒಂಬತ್ತು ತೂತು. 600 ಚದರ ಅಡಿಗೆ 5400. ನಾಲ್ಕು ಹಲ್ಲಿನ ಫೋರ್ಕಿನಲ್ಲೂ 1350 ಸಲ ಚುಚ್ಚಬೇಕು. ದಿನಕ್ಕೆ 100 ಚದರ ಅಡಿ ಮಾಡಿದರೆ ವಾರದಲ್ಲಿ ಆಗುತ್ತದೆ, ಸೊಂಟವೂ ಉಳಿಯುತ್ತದೆ. ಟೊಳ್ಳು ಕೊಳವೆಯಿಂದ ಮಣ್ಣಿನ ಬಿಲ್ಲೆಯನ್ನೇ ಕಿತ್ತು ಹೊರಹಾಕುವ ಯಂತ್ರಗಳಿವೆ, ಗಾಲ್ಫ್ ಮೈದಾನಗಳಲ್ಲಿ ಬಳಸುವುದು ಅವನ್ನೇ. ಜೇಡಿಗೆ ಅದೇ ಉತ್ತಮ. ಸಣ್ಣ ಮನೆಗೆ ಯಂತ್ರ ಹುಡುಕಿಕೊಂಡು ಹೋಗುವ ಅಗತ್ಯ ನನಗೆ ಕಂಡಿಲ್ಲ.

ಇನ್ನು ಉದುರಿಸುವ ಮಣ್ಣು. ಕೆಂಪು ನೆಲಕ್ಕೆ ನಾನು ಬಳಸುವುದು ಎರಡು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಅಲ್ಲಿಯದೇ ಮಣ್ಣು, ಒಂದು ಪಾಲು ದಪ್ಪ ಮರಳು. ಮೂರನ್ನೂ ಒಣಗಿಸಿ ಜರಡಿ ಹಿಡಿಯಬೇಕು. ಅರೆಕಳಿತ ತಿಪ್ಪೆ ಗೊಬ್ಬರ ಬೇಡವೇ ಬೇಡ. ಅದರೊಂದಿಗೆ ಕಳೆ ಬೀಜವೂ ಗೊಣ್ಣೆಹುಳುವೂ ಬರುತ್ತವೆ. ಗೊಣ್ಣೆಹುಳು ಹುಲ್ಲಿನ ಬೇರನ್ನೇ ತಿನ್ನುತ್ತದೆ. ಮೈನಾ, ಕಾಗೆ ಲಾನಿನಲ್ಲಿ ಕೆದಕಲು ಶುರು ಮಾಡಿದವು ಅಂದರೆ ಗುಮಾನಿ ಪಡಿ. ಕಾಡಂಚಿನ ಊರುಗಳಲ್ಲಿ ಆ ಹುಳುವಿಗಾಗಿ ಹಂದಿಯೇ ಬಂದು ಒಂದೇ ರಾತ್ರಿಯಲ್ಲಿ ಇಡೀ ಲಾನು ಉತ್ತು ಹೋಗುತ್ತದೆ. ಅಷ್ಟು ಆಳದ ಉಳುಮೆಯನ್ನು ನಾನು ಶಿಫಾರಸು ಮಾಡುತ್ತಿಲ್ಲ.

ಕೆರೆಗೋಡು ಹಾಕಬಹುದೇ ಎಂದು ಪಿರಿಯಾಪಟ್ಟಣದವರು ತಪ್ಪದೆ ಕೇಳುತ್ತಾರೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಹೊಡೆದು ಹೊಲಕ್ಕೆ ಹಾಕುವುದು ನಮ್ಮಲ್ಲಿ ತಲೆಮಾರುಗಳ ಪದ್ಧತಿ, ಕೆಂಪು ಭೂಮಿಗೆ ಅದಕ್ಕಿಂತ ಒಳ್ಳೆಯ ಉಪಚಾರ ಇಲ್ಲ. ಹೊಲದಲ್ಲಿ ಅದನ್ನು ನೇಗಿಲು ಬೆರೆಸುತ್ತದೆ. ಲಾನಿಗೆ ನೇಗಿಲಿಲ್ಲವಲ್ಲ! ಬರೀ ಗೋಡು ಉದುರಿಸಿದರೆ ಆ ನುಣ್ಣನೆ ಮಣ್ಣು ಮೇಲೆಯೇ ಕೂತು ಎಲ್ಲ ತೂತನ್ನೂ ಬೆಣೆ ಹೊಡೆದಂತೆ ಮುಚ್ಚುತ್ತದೆ. ಪುಡಿ ಮಾಡಿ, ಮಣ್ಣಿನ ಪಾಲಿನಲ್ಲಿ ಅರ್ಧ ಮಾತ್ರ ಅದನ್ನು ಸೇರಿಸಿ. ಮೊದಲೇ ಜೇಡಿ ಇರುವ ಕೆ.ಆರ್. ನಗರದವರು ಕೆರೆಯ ಕಡೆ ಹೋಗುವುದೇ ಬೇಡ, ಗೊಬ್ಬರವೇ ಸಾಕು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಬೂದಿಯದೂ ಇದೇ ಪ್ರಶ್ನೆ. ಬಕೆಟಿಗೆ ಒಂದು ಹಿಡಿಯಾದರೆ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಮಣ್ಣು ಕ್ಷಾರಕ್ಕೆ ತಿರುಗುತ್ತದೆ, ಬೂದಿಯ ನುಣುಪು ಸಂದುಗಳನ್ನು ಮುಚ್ಚುತ್ತದೆ. ಶುಂಠಿ ಹಾಕಿದ್ದ ಭೂಮಿಯ ಮಣ್ಣು ಎಷ್ಟೇ ಮೃದುವಾಗಿ ಕಂಡರೂ ನಾನು ತರಿಸುವುದಿಲ್ಲ, ಕೊಳೆರೋಗದ ಭಯ. ಮರಳು ಸಿಗದೆ ಎಂ-ಸ್ಯಾಂಡ್ ತರುವವರು ತೊಳೆದದ್ದನ್ನು ಕೇಳಿ. ಕ್ರಷರ್ ಪುಡಿ ಸೇರಿದ್ದು ನೀರು ಬಿದ್ದರೆ ಗಾರೆಯಂತೆ ಕೂರುತ್ತದೆ, ಲಾನಿನ ಬದಲು ಅಂಗಳವಾದೀತು. ಒಂದೇ ಮಾತು ನೆನಪಿಡಿ: ಉದುರಿಸುವ ಮಣ್ಣು ಕೆಳಗಿನ ಮಣ್ಣಿಗೆ ಹೊಂದುವಂತಿರಬೇಕು. ಎರಡು ಜಾತಿಯ ಮಣ್ಣು ಒಂದರ ಮೇಲೊಂದು ಪದರವಾದರೆ ನೀರು ಆ ಗೆರೆಯಲ್ಲೇ ತಡೆದು ನಿಲ್ಲುತ್ತದೆ, ಬೇರು ಅಲ್ಲಿಂದಲೇ ವಾಪಸು ತಿರುಗುತ್ತದೆ.

ಬಾಂಡ್ಲಿಯಿಂದ ಕೈಯಲ್ಲಿ ತೆಗೆದು, ಅಂಗಳಕ್ಕೆ ರಂಗೋಲಿ ಪುಡಿ ಉದುರಿಸುವ ಹಾಗೆ ಉದುರಿಸಿ. ಆಮೇಲೆ ಕಡ್ಡಿಪೊರಕೆಯಲ್ಲಿ ಎರಡು ದಿಕ್ಕಿಗೂ ಗುಡಿಸಿದರೆ ಮಣ್ಣು ತೂತುಗಳಿಗೆ ಇಳಿಯುತ್ತದೆ. ಇದರಿಂದ ತೂತು ಮುಚ್ಚಿಹೋಗುವುದಿಲ್ಲವೇ ಎಂದು ಮೇಷ್ಟ್ರು ಕೇಳಿದರು, ನ್ಯಾಯವಾದ ಪ್ರಶ್ನೆ. ಖಾಲಿ ಬಿಟ್ಟ ತೂತು ನಾಲ್ಕು ಮಳೆಗೆ ಕುಸಿದು ಮುಚ್ಚುತ್ತದೆ. ಗೊಬ್ಬರ ಬೆರೆತ ಸಡಿಲ ಮಣ್ಣು ತುಂಬಿದ ತೂತು ಸಡಿಲವಾಗಿಯೇ ಉಳಿದು, ಬೇರಿಗೆ ಕೆಳಗಿಳಿಯುವ ಮೆಟ್ಟಿಲಾಗುತ್ತದೆ. ಕೊರಿಯನ್ ಹುಲ್ಲಿನಂಥ ದಟ್ಟ ಜಾತಿಗಳಲ್ಲಿ ಬುಡದ ಹತ್ತಿರ ಸತ್ತ ಕಾಂಡಗಳ ಒಂದು ಮೆತ್ತೆ ಕಟ್ಟಿಕೊಂಡಿರುತ್ತದೆ, ನೀರು ಹಾಕಿದರೆ ಅದರ ಮೇಲೇ ಜಾರಿ ಹೋಗುತ್ತದೆ. ಅದನ್ನು ಕೊಳೆಸುವ ಜೀವಿಗಳೂ ಈ ಮಣ್ಣಿನ ಜೊತೆಗೇ ಬರುತ್ತವೆ.

ಇದೆಲ್ಲ ಬ್ರಿಟಿಷ್ ಸಾಹೇಬರು ತಂದ ಶೋಕಿ ಎನ್ನುವವರಿದ್ದಾರೆ. ಲಾನು ಶೋಕಿ ಇರಬಹುದು, ಈ ಕೆಲಸ ಮಾತ್ರ ಮನುಷ್ಯರದ್ದೇ ಅಲ್ಲ, ಎರೆಹುಳುವಿನದು. ಚಾರ್ಲ್ಸ್ ಡಾರ್ವಿನ್ ಸಾಯುವುದಕ್ಕೆ ಹಿಂದಿನ ವರ್ಷ, 1881ರಲ್ಲಿ, ಎರೆಹುಳುಗಳ ಮೇಲೆಯೇ ಒಂದು ಪುಸ್ತಕ ಬರೆದ. ಹುಲ್ಲುಗಾವಲಿನ ಮೇಲೆ ಹರಡಿದ್ದ ಸುಣ್ಣ ವರ್ಷಗಳಾದ ಮೇಲೆ ನೆಲದೊಳಗೆ ಒಂದು ಪದರವಾಗಿ ಇಳಿದಿರುವುದನ್ನು ಅವನ ಸೋದರಮಾವ ತೋರಿಸಿದ್ದ. ಸುಣ್ಣ ಇಳಿದದ್ದಲ್ಲ, ಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ತಂದು ಹಾಕಿದ್ದವು. ಇಂಗ್ಲೆಂಡಿನ ಅನೇಕ ಕಡೆ ಒಂದು ಎಕರೆಯಲ್ಲಿ ವರ್ಷಕ್ಕೆ ಹತ್ತು ಟನ್ನಿಗಿಂತ ಹೆಚ್ಚು ಮಣ್ಣು ಹೀಗೆ ಹುಳುವಿನ ಹೊಟ್ಟೆಯಿಂದ ಮೇಲೆ ಬರುತ್ತದೆ ಎಂದು ಅವನು ಲೆಕ್ಕ ಹಾಕಿದ. ಚುಚ್ಚುವುದೂ ಅದೇ, ಉದುರಿಸುವುದೂ ಅದೇ, ಕೂಲಿಯಿಲ್ಲ. ಮಳೆಗಾಲದಲ್ಲಿ ಲಾನಿನ ಮೇಲೆ ಎರೆಮಣ್ಣಿನ ಸಣ್ಣ ಗುಪ್ಪೆ ಕಂಡರೆ ಅಸಹ್ಯವೆಂದು ಔಷಧಿ ಹೊಡೆಸುವವರಿದ್ದಾರೆ. ಅವರ ಲಾನನ್ನು ಹತ್ತು ಫೋರ್ಕು ಸೇರಿದರೂ ಉಳಿಸಲಾರವು.

ನಮ್ಮ ಕಡೆ ಅತಿ ದೊಡ್ಡ ಲಾನು ಎಲ್ಲಿದೆ ಎಂದು ಕೇಳಿದರೆ ನಾನು ಕಬಿನಿ ಹಿನ್ನೀರು ತೋರಿಸುತ್ತೇನೆ. ಬೀಚನಹಳ್ಳಿಯ ಬಳಿ 1974ರಲ್ಲಿ ಅಣೆಕಟ್ಟು ಮುಗಿದ ಮೇಲೆ ಪ್ರತಿ ಮಳೆಗಾಲದಲ್ಲಿ ಅಲ್ಲಿಯ ದಂಡೆ ಮುಳುಗುತ್ತದೆ, ಬೇಸಿಗೆಯಲ್ಲಿ ನೀರು ಹಿಂದೆ ಸರಿದು ತೆಳ್ಳನೆ ಮೆಕ್ಕಲು ಬಿಟ್ಟುಹೋಗುತ್ತದೆ. ಆ ಮೆಕ್ಕಲು ಒಣಗಿ ಬಿರಿಯುತ್ತದೆ, ಬಿರುಕಿನಿಂದ ಹುಲ್ಲು ಏಳುತ್ತದೆ. ಉದುರಿಸುವುದೂ ಚುಚ್ಚುವುದೂ ಅಲ್ಲಿ ತಾನಾಗಿಯೇ ಆಗುತ್ತದೆ. ಸುತ್ತಲ ಕಾಡು ಒಣಗಿ ಕಡ್ಡಿಯಾಗಿರುವ ಮಾರ್ಚ್, ಏಪ್ರಿಲಿನಲ್ಲಿ ಆನೆಗಳು ಹಿಂಡುಹಿಂಡಾಗಿ ಬಂದು ಮೇಯುವುದು ಆ ಹುಲ್ಲನ್ನೇ.

ಇನ್ನೊಂದು ತುದಿಯಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. 2015ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಜೊತೆಗಿನ ಟೆಸ್ಟ್ ಮೊದಲ ದಿನದಾಟ ಬಿಟ್ಟರೆ ಪೂರ್ತಿ ಮಳೆಗೆ ಕೊಚ್ಚಿಹೋದದ್ದು ನೆನಪಿರಬಹುದು. 2017ರಲ್ಲಿ ಅಲ್ಲಿಯ ಹುಲ್ಲಿನಡಿ ಸಬ್‌ಏರ್ ಎಂಬ ಕೊಳವೆಗಳ ವ್ಯವಸ್ಥೆ ಬಂತು, ಅದನ್ನು ಅಳವಡಿಸಿಕೊಂಡ ಮೊದಲ ಕ್ರಿಕೆಟ್ ಕ್ರೀಡಾಂಗಣ ಅದೇ. ಮಳೆ ನೀರನ್ನು ಕೆಳಗಿನಿಂದ ಹೀರುವುದಕ್ಕೆ ಅದು ಹೆಸರಾಯಿತು. ಅದೇ ಕೊಳವೆಗಳು ಬೇರಿಗೆ ಗಾಳಿಯನ್ನೂ ಊದಬಲ್ಲವು ಎನ್ನುವುದನ್ನು ಟಿ.ವಿ.ಯಲ್ಲಿ ಯಾರೂ ಅಷ್ಟಾಗಿ ಹೇಳಲಿಲ್ಲ. ಕೋಟಿ ಖರ್ಚಿನ ಆ ಯಂತ್ರವೂ ಹನಗೋಡಿನ ಅಜ್ಜನೂ ಮಾಡಿದ್ದು ಒಂದೇ ಕೆಲಸ.

ಯಾವಾಗ ಮಾಡಬೇಕು? ಹುಲ್ಲು ಬೆಳೆಯುವ ಹುಮ್ಮಸ್ಸಿನಲ್ಲಿರುವಾಗ. ನಮ್ಮ ಕಡೆ ಕೃತ್ತಿಕೆ, ರೋಹಿಣಿ ಮಳೆಯ ನಡುವೆ, ಅಂದರೆ ಮೇ ಮಧ್ಯದಿಂದ ಜೂನ್ ಮೊದಲ ವಾರದವರೆಗೆ, ಅತ್ಯುತ್ತಮ. ತಪ್ಪಿದರೆ ಉತ್ತರೆ ಮಳೆ ಬಿದ್ದ ಸೆಪ್ಟೆಂಬರಿನ ಕೊನೆಯಲ್ಲಿ. ಧನುರ್ಮಾಸದ ಚಳಿಯಲ್ಲಿ ಗರಿಕೆ ಜಾತಿ ಮಲಗಿರುತ್ತದೆ, ಆಗ ಚುಚ್ಚಿದ ಗಾಯ ಬೇಗ ಮಾಯುವುದಿಲ್ಲ. ಆರಿದ್ರೆಯ ನಂತರ ಮಳೆ ಹಿಡಿದುಕೊಂಡರೆ ಕೋಟೆ, ಪಿರಿಯಾಪಟ್ಟಣದ ಪಶ್ಚಿಮದ ಹಳ್ಳಿಗಳಲ್ಲಿ ಹದವೇ ಸಿಗುವುದಿಲ್ಲ. ಮಾಡಿದ ಮೇಲೆ ಎರಡು ವಾರ ಲಾನಿನ ಮೇಲೆ ಓಡಾಟ ಬೇಡ. ಬೈಕನ್ನಂತೂ ಶಾಶ್ವತವಾಗಿ ಬೇರೆ ಕಡೆ ನಿಲ್ಲಿಸಿ.

ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಬೋರ್‌ವೆಲ್ ಬತ್ತುವ ಊರುಗಳಲ್ಲಿ ಅರ್ಧ ಸೈಟು ಲಾನು ಮಾಡುವುದನ್ನು ನಾನು ಮೆಚ್ಚುವುದಿಲ್ಲ. ಮೂವರು ಕೂತು ಮಾತಾಡುವಷ್ಟು, ಮೊಮ್ಮಗು ಉರುಳಾಡುವಷ್ಟು ಸಾಕು. ಉಳಿದ ಕಡೆ ಸಂಪಿಗೆಯೋ ಸೀಬೆಯೋ ಇರಲಿ. ಆ ಚಿಕ್ಕ ತುಂಡನ್ನು ಉಸಿರಾಡಲು ಬಿಟ್ಟರೆ ನೀರು ಕೆಳಗಿಳಿಯುತ್ತದೆ, ಬೇರು ಹಿಂದೆಯೇ ಇಳಿಯುತ್ತದೆ, ದಿನಾ ಪೈಪು ಹಿಡಿಯುವ ಕೆಲಸ ವಾರಕ್ಕೆ ಎರಡು ಸಲಕ್ಕೆ ಬರುತ್ತದೆ.

ಮೇಷ್ಟ್ರು ಕಳೆದ ವಾರ ಮತ್ತೆ ಫೋನ್ ಮಾಡಿದ್ದರು. ಎರಡು ಮಳೆಗಾಲ ಎಡಬಿಡದೆ ಚುಚ್ಚಿ ಉದುರಿಸಿದ ಮೇಲೆ ಸ್ಕ್ರೂಡ್ರೈವರ್ ನಾಲ್ಕೂವರೆ ಇಂಚು ಇಳಿಯುತ್ತಿದೆಯಂತೆ. ಗೇಟಿನ ಪಕ್ಕ, ಲಾರಿ ನಿಲ್ಲುತ್ತಿದ್ದ ಕಡೆ ಇನ್ನೂ ಎರಡೇ. ನೀವೂ ಒಂದು ಹದವಾದ ಮಳೆ ಬಿದ್ದ ಮಾರನೆಯ ದಿನ ನಿಮ್ಮ ಲಾನಿಗೆ ಚುಚ್ಚಿ ನೋಡಿ, ಎಷ್ಟು ಇಂಚು ಇಳಿಯಿತು ಅಂತ ಬರೆದು ತಿಳಿಸಿ. ಫೋಟೊ ಬೇಡ.